ದಾಸವಾಳದ ಬೇಲಿಯ ಮನೆಗೆ ಬಂದ ಮೊದಲ ಕಾರ್ಡು

1958ರಲ್ಲಿ ನಾನು ಕಾಪುವಿನಿಂದ ಎಲ್ಲೂರಿನ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದೆ. ಕಚೇರಿಯ ಹೆಸರು ಹೇಳುವುದಿಲ್ಲ. ಈ ಪ್ರಕರಣದಲ್ಲಿ ಅದರ ಮಾನಕ್ಕೆ ಸ್ವಲ್ಪ ಕುಂದು ಬಂದಿದೆ, ಅದಕ್ಕೆ ಕಾರಣ ನಾನು. ಹುದ್ದೆಯ ಹೆಸರು ಕೇಳಲು ಭಾರವಾಗಿದ್ದರೂ ಸಿಬ್ಬಂದಿ ಇದ್ದದ್ದು ಇಬ್ಬರು. ಕಿಟಕಿಯ ಹಿಂದೆ ಕೂರುವುದು, ಮೊಹರು ಒತ್ತುವುದು, ವರದಿ ಬರೆಯುವುದು ನಾನು. ಊರೆಲ್ಲ ನಡೆದು ಕಾಗದ ಹಂಚುವುದು ಫೆಲಿಕ್ಸ್. ಶನಿವಾರ ಸಂಜೆ ನಾನು ಬಸ್ಸು ಹಿಡಿದು ಉಡುಪಿಯ ಕಡಿಯಾಳಿಯಲ್ಲಿದ್ದ ಮನೆಗೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಭಾರತ ಸರಕಾರವು ನನ್ನ ರೂಪದಲ್ಲಿ ಆ ಕಿಟಕಿಯ ಹಿಂದೆ ವಿರಾಜಮಾನವಾಗಿರುತ್ತಿತ್ತು.

ಸೆಪ್ಟೆಂಬರಿನ ಒಂದು ಗುರುವಾರ ಟಪಾಲಿನ ಚೀಲದಲ್ಲಿ ಕಾರ್ಕಳದಿಂದ ಒಂದು ಕಾರ್ಡು ಬಂತು. ವಿಳಾಸ ಹೀಗಿತ್ತು: ‘ಅಮ್ಮನವರಿಗೆ, ದಾಸವಾಳದ ಬೇಲಿಯ ಮನೆ, ಅಂಗಳದಲ್ಲಿ ಬಾವಿ ಉಂಟು, ಎಲ್ಲೂರಿನಿಂದ ಕಾಪುವಿಗೆ ಹೋಗುವ ದಾರಿ.’ ನಮ್ಮ ಕಡೆ ದಾಸವಾಳದ ಬೇಲಿಯೂ ಬಾವಿಯೂ ಇಲ್ಲದ ಮನೆಯನ್ನು ಹುಡುಕುವುದೇ ಹೆಚ್ಚು ಕಷ್ಟ.

ಇನ್ನೊಬ್ಬರ ಕಾರ್ಡನ್ನು ಪೋಸ್ಟ್‌ಮಾಸ್ಟರ್ ಓದಬಾರದು. ನಾನೂ ಓದಲಿಲ್ಲ. ವಿಳಾಸದ ಸುಳಿವು ಹುಡುಕುವಾಗ ಕಣ್ಣು ಎರಡು ಬಾರಿ ಇಡೀ ಕಾರ್ಡಿನ ಮೇಲೆ ಹಾದುಹೋಯಿತು, ಅಷ್ಟೆ. ಬರೆದವನು ಸದಾನಂದ ಎಂಬ ತರುಣ. ಅವನು ಸೋಮವಾರ ತನ್ನ ಹಳೆಯ ಮೇಷ್ಟ್ರಿಂದ ನಡತೆಯ ಪ್ರಮಾಣಪತ್ರ ಪಡೆಯಲು ಎಲ್ಲೂರಿಗೆ ಬಂದಿದ್ದ. ಹಿಂದಿರುಗಿ ನಡೆಯುವಾಗ ಜ್ವರ ಏರಿ ಒಂದು ಮನೆಯ ಜಗಲಿಯಲ್ಲಿ ಕುಸಿದು ಕುಳಿತ. ಆ ಮನೆಯಾಕೆ ಬೆಲ್ಲ ನೀರು ಕೊಟ್ಟು, ಗಂಜಿ ಬಡಿಸಿ, ಮಧ್ಯಾಹ್ನವಿಡೀ ಮಲಗಲು ಬಿಟ್ಟು, ಹೊರಡುವಾಗ ಮಳೆ ಎಂದು ಕೊಡೆಯನ್ನೂ ಕೈಗಿತ್ತಳು. ಕೊಡೆ ಹಿಡಿದ ಭರದಲ್ಲಿ ಅವನು ತನ್ನ ಬಟ್ಟೆಯ ಚೀಲವನ್ನು ಅಲ್ಲೇ ಬಿಟ್ಟ. ಚೀಲದಲ್ಲಿ ಆ ಪ್ರಮಾಣಪತ್ರವೂ ಎಸ್.ಎಸ್.ಎಲ್.ಸಿ. ಪುಸ್ತಕವೂ ಇದ್ದವು. ಅಂದಿನ ದಿನಗಳಲ್ಲಿ ಅದು ನಿಜಕ್ಕೂ ಪುಸ್ತಕವೇ. ಒಬ್ಬನಿಗೆ ಒಂದೇ ಪ್ರತಿ, ಕಳೆದರೆ ಇನ್ನೊಂದಕ್ಕೆ ತಿಂಗಳುಗಟ್ಟಲೆ ಅಲೆಯಬೇಕು. ಬರುವ ಸೋಮವಾರ ಬೆಳಿಗ್ಗೆ ಮಣಿಪಾಲದಲ್ಲಿ ಗುಮಾಸ್ತನ ಕೆಲಸಕ್ಕೆ ಸಂದರ್ಶನ. ಮೂಲ ದಾಖಲೆ ಇಲ್ಲದವರು ಬರುವುದೇ ಬೇಡ ಎಂದು ಕರೆಪತ್ರದಲ್ಲಿತ್ತಂತೆ. ‘ಸೋಮವಾರಕ್ಕೆ ಎದ್ದು ನಿಂತೇನು, ಆದರೆ ಹುಡುಕಿಕೊಂಡು ಅಲೆಯುವ ಶಕ್ತಿ ಇಲ್ಲ. ನಿಮ್ಮ ಹೆಸರು ಕೇಳದೆ ಬಂದೆ, ಕ್ಷಮಿಸಿ’ ಎಂದು ಕಾರ್ಡು ಮುಗಿದಿತ್ತು.

ಅವನು ಕೇಳಲಿಲ್ಲ, ಆಕೆಯೂ ಕೇಳಿರಲಿಕ್ಕಿಲ್ಲ. ಅಂಗಳಕ್ಕೆ ಬಂದವನು ಬೆಲ್ಲ ನೀರು ಕುಡಿದು ಮುಗಿಸುವ ತನಕ ‘ನೀವು ಯಾರು’ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕುಡಿದವನು ಕೂಡಲೇ ನಿದ್ದೆಹೋದರೆ ಕೇಳುವ ಗಳಿಗೆ ದಾಟಿಹೋಗುತ್ತದೆ. ಹೀಗೆ ಇಬ್ಬರು ಮರ್ಯಾದಸ್ಥರು ಸೇರಿ ಅಂಚೆ ಇಲಾಖೆಗೆ ಒಂದು ಸಮಸ್ಯೆಯನ್ನು ತಂದಿಟ್ಟಿದ್ದರು.

ವಿಳಾಸದಾರರು ಸಿಗದ ಕಾಗದವನ್ನು ಕೆಲವು ದಿನ ಇಟ್ಟುಕೊಂಡು ನಂತರ ಡೆಡ್ ಲೆಟರ್ ಆಫೀಸಿಗೆ, ಅಂದರೆ ದಿಕ್ಕಿಲ್ಲದ ಕಾಗದಗಳ ಕೊನೆಯ ತಾಣಕ್ಕೆ, ಕಳಿಸಬೇಕೆಂಬುದು ನಿಯಮ. ಅದರ ಬದಲು ನಾನು ಕಾರ್ಡನ್ನು ಫೆಲಿಕ್ಸನ ಕೈಗೆ ಕೊಟ್ಟು, “ಮನೆ ಮನೆಯಲ್ಲಿ ಕೇಳು ಮಾರಾಯ” ಎಂದೆ.

ಸಂಜೆ ಫೆಲಿಕ್ಸ್ ಸೋತು ಬಂದ. ಖಾಕಿ ಅಂಗಿಯವನು ಬಂದು ‘ಸೋಮವಾರ ಯಾರಿಗಾದರೂ ಬೆಲ್ಲ ನೀರು ಕೊಟ್ಟಿದ್ದೀರಾ’ ಎಂದು ವಿಚಾರಿಸಿದರೆ ಜನ ಹೆದರದೆ ಇರುತ್ತಾರೆಯೇ?

“ನಾವು ಯಾರಿಗೂ ಎಂತದೂ ಕೊಡ್ಲಿಲ್ಲ ಅಂತ ಬಾಗಿಲು ಹಾಕಿದ್ರು ಸಾರ್,” ಎಂದ. “ಇನ್ನೊಂದು ಮನೆಯಲ್ಲಿ, ಇದನ್ನೂ ಸರಕಾರ ಬರೆದುಕೊಳ್ತದಾ ಈಗ, ಅಂತ ಕೇಳಿದ್ರು.”

“ಒಪ್ಪಿಕೊಂಡವರು ಯಾರೂ ಇಲ್ವಾ?”

“ಇದ್ದಾರೆ. ನಾಲ್ಕು ಮನೆಯವರು. ಆದ್ರೆ ಯಾರಿಗೆ ಕೊಟ್ಟದ್ದು, ಯಾವಾಗ ಕೊಟ್ಟದ್ದು ಅಂತ ಒಬ್ಬರಿಗೂ ನೆನಪಿಲ್ಲ. ಬಂದವರಿಗೆ ನೀರು ಕೊಟ್ಟದ್ದನ್ನೆಲ್ಲ ಲೆಕ್ಕ ಇಡ್ಲಿಕ್ಕೆ ಉಂಟಾ, ನಿನಗೆ ಬೇರೆ ಕೆಲಸ ಇಲ್ವಾ, ಅಂತ ನನಗೇ ಬೈಗಳು. ಕೊನೆಗೆ ನನಗೂ ಬೆಲ್ಲ ನೀರು. ನಾಲ್ಕು ಸಲ.”

ಶುಕ್ರವಾರವೂ ಹಾಗೇ ಕಳೆಯಿತು. ಶನಿವಾರ ಮಧ್ಯಾಹ್ನ ಫೆಲಿಕ್ಸ್ ಒದ್ದೆ ಪಂಚೆಯಲ್ಲಿ ಬಂದು ನಿಂತ. ಅವನ ದಿನನಿತ್ಯದ ದಾರಿಯಲ್ಲಿಲ್ಲದ, ಗದ್ದೆಯಾಚೆಯ ಒಂದು ಮನೆಗೂ ಹೋಗಿ ಬಂದಿದ್ದ. ಆ ಮನೆಗೆ ಅಲ್ಲಿಯವರೆಗೆ ಒಂದು ಕಾಗದವೂ ಬಂದಿರಲಿಲ್ಲ. ಆದ್ದರಿಂದ ನಮ್ಮ ಇಲಾಖೆಯ ದೃಷ್ಟಿಯಲ್ಲಿ ಆ ಮನೆ ಇರಲೇ ಇಲ್ಲ.

“ಸಿಕ್ಕಿತು ಸಾರ್. ಕಲ್ಯಾಣಿಯಮ್ಮ ಅಂತ. ಚೀಲ ಉಂಟು. ಆದ್ರೆ...”

“ಆದ್ರೆ ಎಂತ?”

“ಅವರು ಚೀಲ ಹಿಡ್ಕೊಂಡು ಮಂಗಳವಾರವೇ ಇಲ್ಲಿಗೆ ಬಂದಿದ್ರಂತೆ. ಮಳೆಯಲ್ಲಿ, ಕೊಡೆ ಇಲ್ಲದೆ. ವಿಳಾಸ ಇಲ್ಲದ ವಸ್ತು ತೆಗೆದುಕೊಳ್ಳುವುದಿಲ್ಲ ಅಂತ ಕಿಟಕಿಯಲ್ಲಿ ಇದ್ದವರು ಹೇಳಿ ಕಳಿಸಿದ್ರಂತೆ.”

“ಕಿಟಕಿಯಲ್ಲಿ ಯಾರಿದ್ದರು?”

ಫೆಲಿಕ್ಸ್ ಮಾಡಿನ ಹಂಚುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ. ಆ ಕಿಟಕಿಯಲ್ಲಿ ಕೂರುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ.

ನೆನಪಾಯಿತು. ನೆನಪಾದದ್ದು ಮುಖವಲ್ಲ, ಏಕೆಂದರೆ ನಾನು ತಲೆ ಎತ್ತಿರಲಿಲ್ಲ. ನೀರು ತೊಟ್ಟಿಕ್ಕುವ ಎರಡು ಕೈಗಳು, ಅವುಗಳಲ್ಲಿ ಸೆರಗಿನಿಂದ ಸುತ್ತಿದ ಒಂದು ಚೀಲ. ಹಾಳೆಯ ಮೇಲೆ ಹನಿ ಬೀಳುತ್ತದೆ ಎಂದು ನಾನು ರಿಜಿಸ್ಟರನ್ನು ಹಿಂದಕ್ಕೆ ಎಳೆದುಕೊಂಡಿದ್ದೆ. ನಾನೂ ಆಕೆಯ ಹೆಸರು ಕೇಳಿರಲಿಲ್ಲ. ಆದರೆ ಕಲ್ಯಾಣಿಯಮ್ಮ ಹೆಸರು ಕೇಳದೆ ಇದ್ದದ್ದಕ್ಕೂ ನಾನು ಕೇಳದೆ ಇದ್ದದ್ದಕ್ಕೂ ಇರುವ ಅಂತರವನ್ನು ಅಳೆಯಲು ಇಲಾಖೆ ನಮಗೆ ಯಾವ ತಕ್ಕಡಿಯನ್ನೂ ಕೊಟ್ಟಿರಲಿಲ್ಲ.

ಕಿಟಕಿ ಮುಚ್ಚುವ ಹೊತ್ತಾದ ಮೇಲೆ ನಾನೇ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಡೆದು ಹೋದೆ. ಐವತ್ತು ದಾಟಿದ ಹೆಂಗಸು, ಒಬ್ಬಳೇ. ಕ್ಷಮೆ ಕೇಳಲು ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಹೋಗಿದ್ದೆ.

“ಅಮ್ಮಾ, ನಾನು...”

“ಮೊದ್ಲು ಕೂತ್ಕೊಳ್ಳಿ. ಬಾಯಾರಿಕೆಗೆ ಕುಡೀರಿ. ಮಾತು ಎಲ್ಲಿಗೆ ಓಡ್ತದೆ?” ಎಂದು ಚೆಂಬು, ಬೆಲ್ಲದ ಅಚ್ಚು ತಂದಿಟ್ಟರು.

ಕುಡಿದೆ. ನಂತರ ಕಾರ್ಡನ್ನು ಓದಿ ಹೇಳಿದೆ. ಆಕೆಗೆ ಓದು ಬರುತ್ತಿರಲಿಲ್ಲ. “ಪಾಪ, ಜ್ವರ ಬಿಟ್ಟಿತಂತಾ?” ಎಂಬುದೇ ಮೊದಲ ಪ್ರಶ್ನೆ. ಚೀಲ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿತ್ತು. ಬೇರೆಯವರದ್ದು ಎಂದು ಅದರೊಳಗೆ ಇಣುಕಿಯೂ ಇರಲಿಲ್ಲ.

“ನೀವು ಅಂಚೆ ಕಚೇರಿಗೆ ಬಂದಾಗ...” ಎಂದು ನಾನು ಪುನಃ ಶುರುಮಾಡಿದೆ.

“ಆವತ್ತು ಅಲ್ಲಿದ್ದವರಿಗೆ ತುಂಬ ಕೆಲಸ ಇತ್ತು ಅಂತ ಕಾಣ್ತದೆ. ತಲೆ ಎತ್ಲಿಕ್ಕೂ ಪುರುಸೊತ್ತಿಲ್ಲ, ಪಾಪ,” ಎಂದರು ಆಕೆ, ನನ್ನನ್ನೇ ನೋಡುತ್ತ. ಗುರುತಿಸಿಯೇ ಹಾಗೆಂದರೋ, ಗುರುತಿಸದೆಯೋ, ನನಗೆ ಇಂದಿಗೂ ತಿಳಿಯದು. ನಾನು ಸಿದ್ಧಪಡಿಸಿದ್ದ ವಾಕ್ಯ ಬೆಲ್ಲದ ಜೊತೆ ಗಂಟಲಲ್ಲೇ ಕರಗಿತು.

ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರೆ ಚೀಲ ಸೋಮವಾರ ಬೆಳಿಗ್ಗೆಯೊಳಗೆ ಕಾರ್ಕಳ ತಲುಪುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ಆದ್ದರಿಂದ ಭಾನುವಾರ ನಾನೇ ಪಾರ್ಸೆಲ್ ಆದೆ. ಕಡಿಯಾಳಿಯಿಂದ ಕಾರ್ಕಳದ ಬಸ್ಸು ಹತ್ತಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಹೋಗಿ, ಕಾರ್ಡಿನಿಂದ ಬರೆದುಕೊಂಡ ವಿಳಾಸ ಹಿಡಿದು ಮನೆ ಕೇಳಿ ಕೇಳಿ ತಲುಪಿದೆ. ಸದಾನಂದ ಕಂಬಳಿ ಹೊದ್ದು ಜಗಲಿಯಲ್ಲಿ ಕುಳಿತಿದ್ದ. ಅವನ ತಾಯಿ ನಾನು ಯಾರೆಂದು ಕೇಳಲಿಲ್ಲ. ಒಳಗೆ ಹೋಗಿ ನೀರು ತಂದರು. ಚೀಲ ನೋಡಿ ಅವನು ಪುಸ್ತಕವನ್ನು ಎದೆಗೊತ್ತಿಕೊಂಡು, “ಆ ಅಮ್ಮನ ಹೆಸರು ಎಂತ ಸಾರ್?” ಎಂದ. ಹೇಳಿದೆ. ಒಂದು ವಾರ ತಡವಾಗಿ ಆ ಮರ್ಯಾದೆ ಪೂರ್ತಿಯಾಯಿತು.

ಕೆಲಸ ಸಿಕ್ಕಿತು. ಮುಂದಿನ ತಿಂಗಳು ಅವನು ಕೊಡೆ ಹಿಂದಿರುಗಿಸಲು ಬಂದಾಗ ಕಲ್ಯಾಣಿಯಮ್ಮ ಆ ಕಾರ್ಡನ್ನು ದೇವರ ಪಟದ ಹಿಂದಿನಿಂದ ತೆಗೆದು ತೋರಿಸಿದರಂತೆ.

ನಾನು ಕಚೇರಿಯ ಕಿಟಕಿಯ ಹೊರಗೆ ಒಂದು ಬೆಂಚು ಹಾಕಿಸಿದೆ. ಅದರ ಪಕ್ಕ ನೀರಿನ ಮಡಕೆ, ಡಬ್ಬದಲ್ಲಿ ಬೆಲ್ಲ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು, ಈ ಮಡಕೆ ಕಚೇರಿಯ ಸಾಮಾನುಗಳ ಪಟ್ಟಿಯಲ್ಲಿಲ್ಲ ಎಂದು ಆಕ್ಷೇಪ ಬರೆದರು. ಬರೆಯುವ ಮೊದಲು ಎರಡು ಲೋಟ ಕುಡಿದಿದ್ದರು, ಅದನ್ನು ಬರೆಯಲಿಲ್ಲ.

ನಿವೃತ್ತನಾಗುವ ತನಕ ನಾನು ಅದೆಷ್ಟೋ ಮಂದಿಗೆ ‘ಆಗುವುದಿಲ್ಲ’ ಎಂದು ಹೇಳಬೇಕಾಯಿತು. ಉದ್ಯೋಗವೇ ಅಂಥದ್ದು. ಆದರೆ ಆ ಮಂಗಳವಾರದ ನಂತರ ತಲೆ ಎತ್ತದೆ ಯಾರಿಗೂ ಹೇಳಿಲ್ಲ. ಮೊದಲು ಕೂರಿಸಿದೆ, ನೀರು ಕೊಟ್ಟೆ. ಅಷ್ಟರಲ್ಲಿ ನಿಯಮವೇನೂ ಓಡಿಹೋಗಲಿಲ್ಲ. ಬದಲಿಗೆ, ನೀರು ಕುಡಿಯುವವರ ಮುಖ ನೋಡುತ್ತ ಕುಳಿತಾಗ, ‘ಆಗುವುದಿಲ್ಲ’ ಎಂದುಕೊಂಡ ಎಷ್ಟೋ ಕೆಲಸಗಳು ಆಗುತ್ತವೆಂದು ಹೊಳೆದದ್ದುಂಟು.