ಹಣಮಂತರಾಯ ಕಿತ್ತ ತುರಚಿ ಬೇರು

ಸರಸಂಬಾ ಊರಿನ ಗುರಮ್ಮ ತುರಚಿ ಬಳ್ಳಿಗೆ ಹೆದರಿದವಳಲ್ಲ. ಮುಟ್ಟಿದರೆ ದದ್ದು ಏಳಿಸುವ ಆ ಬಳ್ಳಿಯನ್ನು ಕೈಗೆ ಅರಿವಿ ಸುತ್ತಿಕೊಂಡು ಕಿತ್ತು ತರುತ್ತಿದ್ದಳು. ಎಲೆ ಚೆನ್ನಾಗಿ ಕುದ್ದರೆ ಉರಿ ಹೋಗುತ್ತದೆ. ಚಿಗುರಿಗೆ ತೊಗರಿಬ್ಯಾಳಿ ಹಾಕಿ ಪಲ್ಯ ಮಾಡುತ್ತಿದ್ದಳು. ಬೇರಿನ ಕಷಾಯವನ್ನು ಜ್ವರಕ್ಕೆ, ಕೈಕಾಲು ನೋವಿಗೆ ಕೊಡುತ್ತಿದ್ದಳು. ಅತ್ತೆ ಕಲಿಸಿದ ವಿದ್ಯೆ. ಅಫಜಲಪುರದಿಂದಲೂ ಮಂದಿ ಬಸ್ಸು ಹತ್ತಿ ಬರುತ್ತಿದ್ದರು.

ಆ ಧೈರ್ಯದ ಮೇಲೆಯೇ ಪಂಚಾಯಿತಿ ಚುನಾವಣೆಗೆ ನಿಂತಳು, ಊರ ದೊಡ್ಡ ಜಮೀನ್ದಾರ ಹಣಮಂತರಾಯನ ಎದುರು. ಅದೇ ವಾರ ಆತನ ಎಮ್ಮೆ ಸತ್ತಿತು. ಗುರಮ್ಮನೇ ಬೇರು ತಿನ್ನಿಸಿ ಕೊಂದಳೆಂದು ಆತ ಸುದ್ದಿ ಹಬ್ಬಿಸಿದ. ಗುಡಿಯ ಮುಂದೆ ಆಳುಗಳಿಂದ ಹಿಡಿಸಿ, ಆಕೆಯ ಎರಡೂ ಕೈಗೆ ಹಸಿ ತುರಚಿ ಉಜ್ಜಿಸಿದ. ಊರು ನೋಡುತ್ತ ನಿಂತಿತ್ತು. ಗುರಮ್ಮ ನಾಮಪತ್ರ ವಾಪಸ್ ತೆಗೆದುಕೊಂಡಳು. ಅಳಲಿಲ್ಲ. ಔಷಧಕ್ಕೆ ಬರುವವರು ನಿಂತುಹೋದರು.

ಒಂಬತ್ತು ವರ್ಷದ ಮೇಲೆ ಹಣಮಂತರಾಯನ ಕಾಲು ನೋವಿನಿಂದ ಹಿಡಿದುಕೊಂಡವು. ಆಳಂದದ ಡಾಕ್ಟರು ಕೊಟ್ಟ ಗುಳಿಗೆ ಹೊಟ್ಟೆಗೆ ಒಗ್ಗಲಿಲ್ಲ. ಆತನ ಸೊಸೆ ಜಯಮಾಲಾ ಗುರಮ್ಮನ ಹಿತ್ತಲ ಬಾಗಿಲಿಗೆ ಬಂದಳು.

"ಯಕ್ಕಾ, ನಮ್ಮ ಮಾವಗ ಕಷಾಯ ಕೊಡ್ರಿ."

"ಕೊಡ್ತೇನಿ. ಅವರೇ ಬರ್ಲಿ. ಹಾಡಹಗಲ, ಗುಡಿ ಮುಂದಿನಿಂದ ನಡಕೋತ ಬರ್ಲಿ."

ಮೂರನೆಯ ದಿನ ಹಣಮಂತರಾಯ ಕೋಲೂರಿಕೊಂಡು ಬಂದ. ಗುಡಿ ಕಟ್ಟೆಯ ಮೇಲಿದ್ದವರೆಲ್ಲ ಹಿಂದೆಯೇ ಬಂದರು. ಗುರಮ್ಮ ತುರಚಿ ಹಬ್ಬಿದ ಬೇಲಿ ತೋರಿಸಿದಳು.

"ಅಲ್ಲ್ಯಾದ ನೋಡ್ರಿ ಬೇರು. ನೀವೇ ಕೀಳ್ರಿ."

"ಅರಿವಿ ಕೊಡ ಬೇ."

"ಅವತ್ತ ನನಗ ಕೊಟ್ಟಿದ್ರೇನ್ರಿ?"

ಆತ ಬರಿಗೈಯಿಂದಲೇ ಕಿತ್ತ. ಮೊಣಕೈವರೆಗೆ ಕೆಂಪು ದದ್ದು ಎದ್ದವು, ಕಣ್ಣಲ್ಲಿ ನೀರು ಬಂತು. ಗುರಮ್ಮನಿಗೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ.

"ಈಗ ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ. ಎಮ್ಮಿ ಹ್ಯಾಂಗ ಸತ್ತಿತ್ತು?"

ಆತ ಹಿಂದೆ ನಿಂತ ಮಂದಿಯ ಕಡೆ ತಿರುಗಿದ.

"ಹಾವು ಕಡದಿತ್ತು."

"ಅವತ್ತ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಕಷಾಯವನ್ನು ಆಕೆ ಸರಿಯಾಗಿಯೇ ಕುದಿಸಿದಳು. ಔಷಧದಲ್ಲಿ ಮೋಸ ಮಾಡುವ ಹೆಂಗಸಲ್ಲ. ಕುಡಿದ ಲೋಟ ಕೆಳಗಿಟ್ಟು ಹಣಮಂತರಾಯ ತಲೆ ತಗ್ಗಿಸಿದ.

"ತಪ್ಪಾಗ್ಯಾದ ಗುರಮ್ಮ. ಮಾಫ್ ಮಾಡು."

"ಔಷಧ ಕೇಳಿದ್ರಿ, ಕೊಟ್ಟೇನಿ. ಮಾಫಿ ನನ್ನ ಕಡೆ ಇಲ್ರಿ. ಹೊಂಡ್ರಿ."

ಆತ ಕೋಲೂರುತ್ತ ಓಣಿ ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದಳು. ಆ ಮಧ್ಯಾಹ್ನ ಗುರಮ್ಮ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.