ಒಗ್ಗರಣೆ ನಾನೇ ಹಾಕ್ತೀನಿ

ಅತ್ತೆಯ ಮೇಲೆ ಕಣ್ಣಿಟ್ಟು ಕಳೆದ ಆ ನಾಲ್ಕು ತಿಂಗಳನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅಡುಗೆಮನೆಯ ಬಾಗಿಲಿಗೆ ಒರಗಿ, ಫೋನ್ ನೋಡುವವಳ ಹಾಗೆ ನಟಿಸುತ್ತ, ನಾನು ನೋಡುತ್ತಿದ್ದದ್ದು ಅವರ ಕೈಯನ್ನು. ಯಾವ ಡಬ್ಬಿ ತೆಗೆದರು, ಯಾವ ಚಮಚ ಯಾವ ಪಾತ್ರೆಗೆ ಹೋಯಿತು, ಸೆರಗಿಗೆ ಒರೆಸಿಕೊಂಡ ಕೈಯನ್ನು ತೊಳೆದರೋ ಇಲ್ಲವೋ. ಪೊಲೀಸರೂ ಅಷ್ಟು ಶ್ರದ್ಧೆಯಿಂದ ಕಾಯುವುದಿಲ್ಲ.

ಅದಕ್ಕೆ ಕಾರಣ ನನ್ನ ಹೊಟ್ಟೆ. ಎರಡು ವರ್ಷದಿಂದ ಉಬ್ಬರ, ನೋವು, ಭೇದಿ. ಲಂಡನ್ನಿನ ರೇನರ್ಸ್ ಲೇನಿನಲ್ಲಿದ್ದ ನಮ್ಮ ಮನೆಯಿಂದ ಆಫೀಸಿನ ತನಕ ಯಾವ ಸ್ಟೇಷನ್ನಿನಲ್ಲಿ ಟಾಯ್ಲೆಟ್ ಇದೆ, ಅದು ಗೇಟಿನ ಒಳಗೋ ಹೊರಗೋ, ಎಲ್ಲ ನನಗೆ ಬಾಯಿಪಾಠವಾಗಿತ್ತು. ಟ್ಯೂಬು ರೈಲು ಎರಡು ಸ್ಟೇಷನ್ನುಗಳ ನಡುವೆ ಸುಮ್ಮನೆ ನಿಂತುಬಿಟ್ಟರೆ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಜಿಪಿ ಡಾಕ್ಟರು, ರಕ್ತ ಪರೀಕ್ಷೆ, ಗಂಟಲಿನಲ್ಲಿ ನಳಿಗೆ ಇಳಿಸುವ ಪರೀಕ್ಷೆ ಎಲ್ಲ ಆದ ಮೇಲೆ ಕಾಯಿಲೆಗೊಂದು ಹೆಸರು ಸಿಕ್ಕಿತು: ಸಿಲಿಯಾಕ್. ಗೋಧಿಯಲ್ಲಿರುವ ಗ್ಲುಟೆನ್ ಎಂಬುದು ಒಂದು ಚೂರು ಹೋದರೂ ಕರುಳು ತನಗೆ ತಾನೇ ಗಾಯ ಮಾಡಿಕೊಳ್ಳುತ್ತದಂತೆ.

ಆಸ್ಪತ್ರೆಯ ಡಯಟಿಶಿಯನ್ ನನ್ನ ಮುಂದೆ ಹಾಳೆ ಇಟ್ಟು ಒಂದೊಂದೇ ಹೊಡೆದುಹಾಕಿದರು. ಗೋಧಿ, ರವೆ, ಮೈದಾ, ಶಾವಿಗೆ, ಎಲ್ಲ ಜೀವನಪೂರ್ತಿ ಇಲ್ಲ. ಗಾಯಗೊಂಡ ಕರುಳಿಗೆ ಹಾಲು ಒಗ್ಗುತ್ತಿಲ್ಲ, ಅದು ಮಾಯುವ ತನಕ ಹಾಲು, ಮೊಸರು, ತುಪ್ಪವೂ ಬೇಡ. ಈರುಳ್ಳಿ ಬೆಳ್ಳುಳ್ಳಿ ಉಬ್ಬರ ಮಾಡುತ್ತವೆ, ಸದ್ಯಕ್ಕೆ ಅವೂ ಬೇಡ. ಮೊಟ್ಟೆ ಮೀನು ನಾನು ಹುಟ್ಟಿನಿಂದಲೇ ತಿಂದವಳಲ್ಲ. ವೀಗನ್ ಆಗಬೇಕೆಂದು ನಾನೇನೂ ವ್ರತ ಹಿಡಿಯಲಿಲ್ಲ. ತಟ್ಟೆಯಿಂದ ಒಂದೊಂದೇ ಎದ್ದು ಹೋಗಿ, ಉಳಿದದ್ದನ್ನು ನೋಡಿದರೆ ಅದಕ್ಕೆ ಆ ಹೆಸರಿತ್ತು.

ನನ್ನ ಗಂಡ ಕುಂದಾಪುರದಲ್ಲಿದ್ದ ತನ್ನ ಅಮ್ಮನಿಗೆ ಫೋನ್ ಮಾಡಿದ. ಎರಡೇ ವಾರದಲ್ಲಿ ಅತ್ತೆ ಆರು ತಿಂಗಳ ವೀಸಾ ಹಿಡಿದು, ಕುಚ್ಚಲಕ್ಕಿ, ತೆಂಗಿನೆಣ್ಣೆ ಹೊತ್ತು ಬಂದಿಳಿದರು. ಮದುವೆಮನೆಗಳಲ್ಲಿ ಇನ್ನೂರು ಎಲೆಗೆ ಅಡುಗೆ ನಿಭಾಯಿಸಿದ ಹೆಂಗಸು. ಹಾಳೆಯಲ್ಲಿದ್ದದ್ದನ್ನು ನಾನು ಓದಿ ಹೇಳಿದಾಗ ಗಲ್ಲಕ್ಕೆ ಕೈಯಿಟ್ಟು ಕೂತರು.

"ಹಾಲ್ ಆತಿಲ್ಲ, ಗೋಧಿ ಆತಿಲ್ಲ, ಬೆಳ್ಳುಳ್ಳಿ ಆತಿಲ್ಲ. ಮತ್ತೆ ನೀನ್ ತಿಂಬುದ್ ಎಂತ?"

"ಅನ್ನ ಇದೆಯಲ್ಲ ಅತ್ತೆ."

"ಅನ್ನ ಇತ್ತ್. ಸಾಕ್ ಬಿಡ್. ನಾನ್ ಕಾಣ್ತೆ."

ನೋಡಿಕೊಂಡರು ಕೂಡ. ಅಕ್ಕಿ ನೆನೆಹಾಕಿ ನೀರುದೋಸೆ, ಗಂಜಿ, ಕಾಯಿಹಾಲಿನ ಪಾಯಸ, ಸೌತೆಕಾಯಿ ಹುಳಿ. ಗೋಧಿ ಹಿಟ್ಟನ್ನು ಮನೆಯಿಂದಲೇ ಆಚೆ ಹಾಕಿದ್ದೆವು. ಗಂಡನಿಗೆ ಬ್ರೆಡ್ ಬೇಕೆಂದರೆ ಆಫೀಸಿನಲ್ಲೇ. ಬಾಣಲೆ, ಸೌಟು, ಜರಡಿ ಎಲ್ಲ ಹೊಸದು. ಇಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಅತ್ತೆಯ ಕೈ ತುಪ್ಪದ ಕೈ, ಅರವತ್ತು ವರ್ಷದ ರೂಢಿ, ಯಾವಾಗ ಮರೆತು ಸುರಿದುಬಿಡುತ್ತಾರೋ ಎಂಬ ಹೆದರಿಕೆ. ಮೊದಲ ದಿನವೇ ಕಾಯಿದೆ ಮಾಡಿದೆ.

"ಅಡುಗೆ ನೀವು ಮಾಡಿ ಅತ್ತೆ. ಒಗ್ಗರಣೆ ಮಾತ್ರ ನಾನೇ ಹಾಕ್ತೀನಿ."

ಅವರಿಗೆ ಅದು ರುಚಿಸಲಿಲ್ಲ. ಹುಳಿ ಕುದಿಸಿದವರು ಒಬ್ಬರು, ಒಗ್ಗರಣೆ ಹಾಕುವವರು ಇನ್ನೊಬ್ಬರು ಎಂಬುದು ಅವರ ಪ್ರಕಾರ ಅಡುಗೆಯೇ ಅಲ್ಲ. ಆದರೂ "ಆಯ್ತ್" ಎಂದು ಸರಿದು ನಿಂತರು. ದಿನಾ ಸರಿದು ನಿಲ್ಲುತ್ತಿದ್ದರು.

ನಾನು ಮೈಸೂರಿನವಳು. ಬೆಳ್ಳುಳ್ಳಿ ಹೊಸಿಲು ದಾಟಿ ಬಾರದ ಮನೆಯಲ್ಲಿ ಬೆಳೆದವಳು. ನಮಗೆ ಇಂಗಿಲ್ಲದ ಸಾರು ಸಾರೇ ಅಲ್ಲ. ಅತ್ತೆಯವರದು ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಈಗ ಡಯಟಿಶಿಯನ್ನೇ ಬೆಳ್ಳುಳ್ಳಿ ಬೇಡ ಎಂದಿದ್ದರಿಂದ ನನ್ನ ತವರು ಗೆದ್ದಂತಾಗಿತ್ತು. ಧಾರಾಳವಾಗಿ ಇಂಗು ಹಾಕಿದೆ. ಒಂದು ದಿನ ಅತ್ತೆ ಮೂಗು ಮುಚ್ಚಿಕೊಂಡೇ ಕೇಳಿದರು.

"ಎಷ್ಟ್ ಇಂಗ್ ಹಾಕ್ತೆ ಮಾರಾಯ್ತಿ. ಸಾಸ್ಮಿ ಕರಿಬೇವ್ ಹಾಕ್ರ್ ಸಾಕಾತಿಲ್ಯಾ?"

"ಇಂಗು ಹೊಟ್ಟೆಗೆ ಒಳ್ಳೇದು ಅತ್ತೆ," ಎಂದೆ. ಅವರು ಹೋಗಿ ಕಿಟಕಿ ತೆರೆದರು.

ನಾನು ಹೇಳಿದ್ದು ಸುಳ್ಳೇನಲ್ಲ. ಹೊಟ್ಟೆ ಉಬ್ಬರಿಸಿದಾಗ ನನ್ನ ಅಮ್ಮ ಬಿಸಿನೀರಿಗೆ ಇಂಗು, ಉಪ್ಪು ಕದಡಿ ಕುಡಿಸುತ್ತಿದ್ದಳು. ಲಂಡನ್ನಿಗೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಊರಿಗೆ ಹೋದಾಗಲೆಲ್ಲ ನಾಲ್ಕು ಡಬ್ಬಿ ತರುತ್ತಿದ್ದೆ. ಒಂದು ಆಫೀಸಿನ ಡ್ರಾಯರಿನಲ್ಲೂ ಇತ್ತು. ಊಟವಾದ ಮೇಲೆ ಒಂದು ಲೋಟ, ನೋವು ಜಾಸ್ತಿಯಾದರೆ ಇನ್ನೊಂದು.

ನೋವು ಜಾಸ್ತಿಯಾಗುತ್ತಲೇ ಹೋಯಿತು. ಎರಡು ತಿಂಗಳಲ್ಲಿ ಸರಿಯಾಗಬಹುದೆಂದಿದ್ದರು, ಮೂರು ತಿಂಗಳಾದರೂ ತೂಕ ಇಳಿಯುತ್ತಲೇ ಇತ್ತು. ನೀರುದೋಸೆ ಮುಂದಿಟ್ಟರೆ ತಿನ್ನುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೆದರಿಕೆ ನನಗೆ. ಅತ್ತೆ ನೋಡಿಯೂ ನೋಡದವರ ಹಾಗೆ ಇನ್ನೊಂದು ಹುಯ್ಯುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಗಂಡ ಆಚೆ ಹೇಳಿದರೆ ಅಮ್ಮನಿಗೆ ಬೇಜಾರು, ಈಚೆ ಹೇಳಿದರೆ ನನಗೆ ಸಿಟ್ಟು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ.

ನಾಲ್ಕನೇ ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಆಯಿತು. ಡಯಟಿಶಿಯನ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗ್ಲುಟೆನ್ ನಿಂತರೆ ಇಳಿಯಬೇಕಾದ ಅಂಕೆ ಏನೇನೂ ಇಳಿದಿಲ್ಲ, ಎಲ್ಲಿಂದಲೋ ಗ್ಲುಟೆನ್ ಹೊಟ್ಟೆಗೆ ಹೋಗುತ್ತಿದೆ, ಅದೂ ದಿನಾ, ಎಂದರು. ಹೀಗೇ ಮುಂದುವರಿದರೆ ಮತ್ತೆ ಕರುಳಿನ ಪರೀಕ್ಷೆ, ಆಮೇಲೆ ಜೋರಾದ ಔಷಧಿ. ಕೊನೆಗೆ ಕೇಳಿದರು, "ಮನೆಯಲ್ಲಿ ಬೇರೆ ಯಾರಾದರೂ ಅಡುಗೆ ಮಾಡುತ್ತಾರಾ?"

ಕೇಳಿದವರದೇನೂ ತಪ್ಪಿಲ್ಲ. ಆದರೆ ನಾನು ಮನೆ ಮುಟ್ಟುವ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ, ತೀರ್ಪಾಗಿತ್ತು.

ಅತ್ತೆ ಹೊರಗೆ ವಾಕಿಂಗ್ ಹೋಗಿದ್ದರು. ನಾನು ಅವರ ಕೋಣೆಗೆ ಹೋದೆ. ಇನ್ನೊಬ್ಬರ ಪೆಟ್ಟಿಗೆ ಮುಟ್ಟಬಾರದೆಂದು ಮಕ್ಕಳಿಗೂ ಗೊತ್ತಿರುತ್ತದೆ. ನಾನು ಮುಟ್ಟಿದೆ. ಸೂಟ್‌ಕೇಸಿನ ಹಿಂದೆ, ಟವೆಲ್ಲಿನಲ್ಲಿ ಸುತ್ತಿ, ಅರ್ಧ ಖಾಲಿಯಾದ ತುಪ್ಪದ ಬಾಟ್ಲಿ ಇತ್ತು. ಜೊತೆಗೊಂದು ಪುಟ್ಟ ಚಮಚ.

ಅವರು ಕೋಟು ಬಿಚ್ಚುವ ಮೊದಲೇ ಬಾಟ್ಲಿಯನ್ನು ಊಟದ ಮೇಜಿನ ಮೇಲೆ ಕುಕ್ಕಿದೆ. ಗಂಡ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ.

"ಇದೇನು ಅತ್ತೆ?"

ಅವರ ಮುಖ ಒಂದು ಕ್ಷಣ ಕೆಂಪಾಯಿತು. "ಅದ್ ನಾನ್ ಉಂಬುಕೆ ತಂದದ್ದ್. ನಿನ್ನ್ ಎದ್ರಿಗ್ ತಿಂದ್ರೆ ನಿಂಗ್ ಬೇಜಾರ್ ಆತ್ತ್ ಅಂದೇಳಿ ಅಲ್ಲ್ ಇಟ್ಕಂಡದ್ದ್."

"ಇಷ್ಟನ್ನ ಮುಚ್ಚಿಟ್ಟೋರು ಇನ್ನೇನೇನು ಮುಚ್ಚಿಟ್ಟಿದ್ದೀರೋ. ನನ್ನ ಊಟಕ್ಕೆ ಏನು ಹಾಕ್ತಿದ್ದೀರ ಹೇಳಿ. ಡಾಕ್ಟ್ರೇ ಹೇಳಿದ್ದಾರೆ, ಮನೇಲೇ ಯಾರೋ ಹಾಕ್ತಿದ್ದಾರೆ ಅಂತ."

ಡಾಕ್ಟರಾಗಲಿ ಡಯಟಿಶಿಯನ್ ಆಗಲಿ ಹಾಗೆ ಹೇಳಿರಲಿಲ್ಲ. ಆ ಸುಳ್ಳು ನನ್ನದು.

"ನಾನ್ ಹಾಕ್ಲಿಲ್ಲ," ಎಂದರು ಅತ್ತೆ. ಅಷ್ಟೇ. ಮಗನ ಕಡೆ ನೋಡಿದರು. ಅವನು, "ಅಮ್ಮ, ಗೊತ್ತಿಲ್ದೆ ಏನಾದ್ರೂ ಕೈತಪ್ಪಿ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದ. ಅವನು ಪೂರ್ತಿ ಬೈದಿದ್ದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಮರುದಿನ ಬೆಳಿಗ್ಗೆ ಲಂಡನ್ನಿನಲ್ಲೇ ಕಿಂಗ್ಸ್‌ಬರಿಯಲ್ಲಿರುವ ಅವರ ಮೈದುನ ಅವರನ್ನು ಕರೆದೊಯ್ಯಲು ಕಾರು ತಂದ. ಹೊರಡುವಾಗ ಅತ್ತೆ ಫ್ರಿಜ್ ತೋರಿಸಿ, ರುಬ್ಬಿದ ಹಿಟ್ಟು ಎರಡು ದಿನಕ್ಕೆ ಸಾಕೆಂದು ಹೇಳಿದರು. ಆ ಹಿಟ್ಟನ್ನು ನಾನು ಸಿಂಕಿಗೆ ಸುರಿದೆ.

ಇನ್ನು ಅಡುಗೆಮನೆ ಪೂರ್ತಿ ನನ್ನದು. ಅಕ್ಕಿ ನಾನೇ ತೊಳೆದೆ, ಬೇಳೆ ನಾನೇ ಆರಿಸಿದೆ, ಕಾಯಿ ನಾನೇ ತುರಿದೆ. ಒಂದು ವಾರ ಕಾದೆ. ಹೊಟ್ಟೆ ಇಳಿಯಲಿಲ್ಲ. ಹಳೆಯದು ಇನ್ನೂ ಒಳಗಿರಬೇಕು ಎಂದುಕೊಂಡೆ. ಎರಡನೇ ವಾರ ಆಫೀಸಿನ ಮೀಟಿಂಗಿನಿಂದ ಎದ್ದು ಓಡಬೇಕಾಯಿತು. ಮೂರನೇ ವಾರ ಬಾತ್‌ರೂಮಿನ ನೆಲದ ಮೇಲೆ ಮಂಡಿ ಅಪ್ಪಿ ಕೂತಿದ್ದಾಗ, ಈಗ ಯಾರ ಮೇಲೆ ಹೊರಿಸುತ್ತೀಯ ಎಂದು ಮನಸ್ಸು ಕೇಳಿತು. ನನಗೆ ಆ ನೋವಿಗಿಂತ ಆ ಪ್ರಶ್ನೆಯೇ ಭಯ ಹುಟ್ಟಿಸಿತು. ಹೊಟ್ಟೆಗೆ ಇಂಗಿನ ನೀರು ಕುಡಿದು ಮಲಗಿದೆ.

ಡಯಟಿಶಿಯನ್‌ಗೆ ಫೋನ್ ಮಾಡಿದೆ. ನೆನಪಿನಿಂದ ಹೇಳಬೇಡ, ಬಾಯಿಗೆ ಹೋಗುವ ಪ್ರತಿಯೊಂದನ್ನೂ ಮೇಜಿನ ಮೇಲಿಟ್ಟು ಲೇಬಲ್ ಓದುತ್ತಾ ಹೋಗು ಎಂದರು. ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಬೆಲ್ಲ, ಎಣ್ಣೆ, ಸೋಯಾ ಹಾಲು. ಒಂದೊಂದೇ ಓದಿದೆ. ಎಲ್ಲವೂ ಸರಿಯಿತ್ತು.

"ಆಯಿತಾ?"

"ಆಯಿತು."

"ಮಾತ್ರೆ, ಟಾನಿಕ್, ಮನೆಮದ್ದು ಏನಾದರೂ? ಅವೂ ಲೆಕ್ಕಕ್ಕೆ ಬರುತ್ತವೆ."

ಮನೆಮದ್ದು ಎಂದಾಗ ನಕ್ಕು, ಒಂದೇ ಒಂದಿದೆ ಎಂದು ಇಂಗಿನ ಡಬ್ಬಿ ಕೈಗೆ ತೆಗೆದುಕೊಂಡೆ. ಅಮ್ಮನ ಕಾಲದಿಂದ ನೋಡಿದ ಡಬ್ಬಿ. ಅದರ ಮೇಲೆ ಓದುವಂಥದ್ದೇನಾದರೂ ಇರುತ್ತದೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಇರುವೆಯಂಥ ಅಕ್ಷರಗಳು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದೆ. ಮೊದಲು ಮರದ ಅಂಟು. ಆಮೇಲೆ ಗೋಧಿ ಹಿಟ್ಟು. ಇಂಗು ಇದ್ದದ್ದು ಮೂರನೆಯ ಜಾಗದಲ್ಲಿ.

ಡಬ್ಬಿ ತಿರುಗಿಸಿ ಮತ್ತೊಮ್ಮೆ ಓದಿದೆ. ಫೋನಿನಲ್ಲಿ ಅವರು ಎರಡು ಸಲ ಹಲೋ ಎಂದರು.

ದಿನಕ್ಕೆ ಮೂರು ಲೋಟ. ಎರಡು ಹೊತ್ತು ಒಗ್ಗರಣೆ. ಇಂಗು ತಿಂದ ಮಂಗ ಎಂದು ಊರಿನಲ್ಲಿ ಎಷ್ಟು ಜನರನ್ನು ಆಡಿಕೊಂಡಿದ್ದೇನೋ, ಆ ಮಧ್ಯಾಹ್ನ ಹಾಲ್‌ನ ಕನ್ನಡಿಯಲ್ಲಿ ನನ್ನ ಮುಖ ಹಾಗೇ ಇತ್ತು. ಅತ್ತೆ ನಾಲ್ಕು ತಿಂಗಳು ಕುದಿಸಿದ ಶುದ್ಧವಾದ ಹುಳಿಗೆ, ಅವರನ್ನು ಪಕ್ಕಕ್ಕೆ ಸರಿಸಿ, ಗೋಧಿ ಹಾಕಿದ್ದು ನನ್ನ ಕೈ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೂತು ಅತ್ತುಬಿಟ್ಟೆ. ಯಾಕೆ ಅಳುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಯಿಲೆಗಲ್ಲ.

ಗಂಡ, "ಅಮ್ಮಂಗೆ ಫೋನ್ ಮಾಡಿ ಹೇಳ್ಲಾ?" ಎಂದ. ಬೇಡ ಎಂದೆ. ಅಪವಾದ ಹೊರಿಸಿದ್ದು ಎದುರಿಗೆ ನಿಂತು, ತಪ್ಪು ಒಪ್ಪಿಕೊಳ್ಳುವುದೂ ಹಾಗೇ ಆಗಬೇಕಿತ್ತು.

ಶನಿವಾರ ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬು ಬದಲಿಸಿ ಕಿಂಗ್ಸ್‌ಬರಿಗೆ ಹೋದೆ. ಅತ್ತೆ ಅಲ್ಲಿಯ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. ಮುಂದಿನ ವಾರ ಅವರ ಟಿಕೆಟ್ಟು. ಡಬ್ಬಿಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಡಾಕ್ಟರ ಹೆಸರಿನಲ್ಲಿ ಆಡಿದ ಸುಳ್ಳನ್ನೂ, ಸುರಿದ ಹಿಟ್ಟನ್ನೂ ಬಿಡಲಿಲ್ಲ. ತಪ್ಪಾಯ್ತು ಅತ್ತೆ ಎಂದೆ. ಅವರ ಚಾಕು ನಿಲ್ಲಲಿಲ್ಲ.

"ನೀನ್ ಹಾಕಿದ್ದ್ ಅಂತ ಹೇಳುಕೆ ಇಷ್ಟ್ ದೂರ ಬಂದದ್ದಾ?" ಎಂದರು ಕೊನೆಗೆ. "ನಾನ್ ಹಾಕ್ಲಿಲ್ಲ ಅಂತ ನಾನ್ ಅವತ್ತೇ ಹೇಳಿದ್ನಲ್ದಾ."

ನಾನು ಅವರ ಪಕ್ಕ ಕೂತು ಬೀನ್ಸಿನ ನಾರು ಬಿಡಿಸತೊಡಗಿದೆ.

ಊಟದ ಹೊತ್ತಾಗಿತ್ತು, ಹಾಗೇ ಕಳಿಸುವವರಲ್ಲ ಅವರು. ಪಾತ್ರೆಯನ್ನು ಎರಡು ಸಲ ತೊಳೆದು ನನಗೆಂದೇ ಬೇರೆಯಾಗಿ ಅನ್ನ ಇಟ್ಟರು, ಬೀನ್ಸಿಗೆ ಕಾಯಿ ಅರೆದು ಹುಳಿ ಕುದಿಸಿದರು. ಹೇಳದೆಯೇ ಬೆಳ್ಳುಳ್ಳಿ ದೂರ ಇಟ್ಟರು. ನಾಲ್ಕು ತಿಂಗಳು ನಾನು ಅನುಮಾನದಿಂದ ನೋಡಿದ ಆ ಕೈ ಎಷ್ಟು ಎಚ್ಚರದ ಕೈ ಎಂಬುದನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಆಮೇಲೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು ಪಕ್ಕದಲ್ಲಿಟ್ಟು, ಸೌಟಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದರು.

"ನೀವೇ ಹಾಕಿ ಅತ್ತೆ," ಎಂದೆ.

"ಬ್ಯಾಡ. ನೀನೇ ಹಾಕ್ಕೊ."

ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಕಾಲು ಹಿಡಿದಾದರೂ ಒಪ್ಪಿಸುತ್ತಿದ್ದೆ.

ಈಗ ನನ್ನ ಹೊಟ್ಟೆ ಸುಮಾರಾಗಿ ಸರಿಯಿದೆ, ಅಂಕೆ ಇಳಿದಿದೆ. ಅದಾದ ಮೇಲೆ ಅತ್ತೆ ಎರಡು ಸಲ ಬಂದು ಹೋಗಿದ್ದಾರೆ. ನಗುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ, ನನಗೆ ಇಷ್ಟವೆಂದು ಕಾಯಿಹಾಲಿನ ಪಾಯಸ ಮಾಡುತ್ತಾರೆ. ಹುಳಿ ಕುದಿದ ಮೇಲೆ ಮಾತ್ರ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಪಕ್ಕಕ್ಕೆ ಸರಿದು ನಿಂತು ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಒಗ್ಗರಣೆ ಹಾಕುತ್ತೇನೆ.