ಶುದ್ಧ ಸಸ್ಯಾಹಾರಿ ಗುಹೆ

ಆ ಶಬ್ದ ಗುಹೆಯದ್ದಲ್ಲ. ನನ್ನ ಗುಹೆ-ಸಂಗೀತದ ಆಲ್ಬಮ್ಮಿನ ಮೂರನೆಯ ಟ್ರ್ಯಾಕ್‌ನ ತಳದಲ್ಲಿ ಹನ್ನೊಂದು ನಿಮಿಷ ಉರುಳುವ ಗುಡುಗನ್ನು ಕೇಳಿ ಒಬ್ಬರು 'ತಾಯಿಯ ಗರ್ಭಕ್ಕೆ ಮರಳಿದ ಹಾಗಾಯಿತು' ಎಂದು ನನಗೆ ಬರೆದರು. ಇನ್ನೊಬ್ಬರು ಅದನ್ನು ಹಾಕಿ ಮಗುವನ್ನು ಮಲಗಿಸುತ್ತಾರಂತೆ. ಓದಿ ಮೈ ಉರಿಯುತ್ತದೆ. ಅದು ಒಬ್ಬ ಮನುಷ್ಯ ಕೆಮ್ಮುವ ಶಬ್ದ. ಎಂಟು ಪಟ್ಟು ನಿಧಾನ ಮಾಡಿ, ಅಂಚುಗಳನ್ನು ಸವೆಸಿ, ಸಿಂಥಸೈಜರಿನ ಮಂದ್ರ ಸ್ವರದೊಳಗೆ ಬೆರೆಸಿದವಳು ನಾನು. ಅವನು ಕೆಮ್ಮಿದ್ದು ಮದರಾಸಿನ ಎಗ್ಮೋರ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆಯುವ ದೂರದಲ್ಲಿರುವ ನಮ್ಮ ಚಿಕ್ಕಯ್ಯನ ಹೋಟೆಲಿನ ಕೊಳಚೆ ಟ್ಯಾಂಕಿಯೊಳಗೆ.

ನನ್ನ ಸಂಗೀತದಲ್ಲಿ ರಾಗವಿಲ್ಲ, ತಾಳವಿಲ್ಲ, ಹಾಡಂತೂ ಇಲ್ಲವೇ ಇಲ್ಲ. ಎರಡು ಹಳೆಯ ಸಿಂಥ್, ಒಂದು ರೆಕಾರ್ಡರ್, ಬೇಕಾದಷ್ಟು ಕತ್ತಲು. ಹೊಟ್ಟೆಪಾಡಿಗೆ ಟಿವಿ ಧಾರಾವಾಹಿಗಳ ಧ್ವನಿ ತಿದ್ದುತ್ತೇನೆ: ಅತ್ತೆಯ ಕೂಗಿನೊಳಗಿಂದ ಫ್ಯಾನಿನ ಸದ್ದು ತೆಗೆಯುವುದು, ಸೊಸೆಯ ಅಳುವಿನೊಳಗಿಂದ ಕಾಗೆಯನ್ನು ತೆಗೆಯುವುದು. ಬೇಡದ ಶಬ್ದ ತೆಗೆಯುವುದೇ ನನ್ನ ಕಸುಬು.

ಶಬ್ದ ಹಿಡಿಯಲೆಂದು ನನ್ನನ್ನು ಗುಹೆಗೆ ಕರೆದುಕೊಂಡು ಹೋದವನು ಮಣಲಿಯ ಒಂದು ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವ ಗೆಳೆಯ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆಯವನು, ಅವನ ಕನ್ನಡದಲ್ಲಿ ಅರ್ಧ ತಮಿಳು. ನಾವು ಹೋಗುತ್ತಿದ್ದದ್ದು ಆಂಧ್ರದ ಸುಣ್ಣಕಲ್ಲಿನ ಗುಹೆಗಳಿಗೆ. ಟಿಕೆಟ್ ಹರಿದು ಬಣ್ಣದ ದೀಪ ತೋರಿಸುವಂಥವಲ್ಲ. ಹೊಲದ ನಡುವಿನ ಒಂದು ತೂತು, ಹೊಟ್ಟೆಯ ಮೇಲೆ ತೆವಳಿ ಒಳಗೆ ಸೇರಬೇಕು. ಅವನ ಸೊಂಟದಲ್ಲಿ ಸೋಪಿನ ಬಿಲ್ಲೆಯಷ್ಟು ದೊಡ್ಡ ಹಳದಿ ಗ್ಯಾಸ್ ಮೀಟರ್ ಇರುತ್ತಿತ್ತು. ಗಾಳಿ ಕೆಟ್ಟರೆ ಅದು ಬೀಪ್ ಬೀಪ್ ಎಂದು ಕಿರುಚುತ್ತದೆ. ಕಿರುಚಿತೋ, ಚರ್ಚೆಯಿಲ್ಲ, ಹಿಂದಿರುಗಬೇಕು.

"ಕೊಳೆತ ಮೊಟ್ಟೆ ಸ್ಮೆಲ್ ಬಂತಾ, ಹೆದರು" ಎನ್ನುತ್ತಿದ್ದ. "ಆ ಸ್ಮೆಲ್ ಟಕ್ಕುನು ನಿಂತ್ಹೋಯ್ತಾ, ಇನ್ನೂ ಹೆದರು. ಸ್ಮೆಲ್ ಎಲ್ಲೂ ಹೋಗಿರಲ್ಲ, ನಿನ್ನ ಮೂಗು ಔಟ್ ಆಗಿರತ್ತೆ."

ಗುಹೆ ನನಗೆ ಮೋಸ ಮಾಡಿತು. ಒಳಗೆ ಚಪ್ಪಾಳೆ ತಟ್ಟಿದರೆ ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಕೆಸರು ಶಬ್ದವನ್ನೆಲ್ಲ ಕುಡಿದುಬಿಡುತ್ತದೆ. ಗುಹೆ ಗುಹೆಯ ಹಾಗೆ ಕೇಳಿಸುವುದಿಲ್ಲ. ಒಮ್ಮೆ ಒಂದೇ ಒಂದು ಹನಿ ಬೀಳುವ ಸದ್ದಿಗಾಗಿ ಕಾದಿದ್ದೆ. ಅಷ್ಟರಲ್ಲಿ ಮೀಟರ್ ಶುರುವಾಯಿತು. ನಾನು ಕೈ ಚಾಚಿ ಅದರ ಸದ್ದಡಗಿಸುವ ಗುಂಡಿ ಒತ್ತಿದೆ. ನಲವತ್ತು ಸೆಕೆಂಡು ಅಷ್ಟೆ. ಹನಿ ಸಿಕ್ಕಿತು. ಹೊರಗೆ ಬಂದ ಮೇಲೆ ಅವನು ನನ್ನ ಮೇಲೆ ಕೂಗಾಡಿದ್ದು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವರಿಗೆಲ್ಲ ಕೇಳಿಸಿತು. ಕೊನೆಗೆ ಮೀಟರನ್ನೇ ನನ್ನ ಕೈಗೆ ತುರುಕಿದ. "ನೀನೇ ಇಟ್ಕೋ. ನಾನಿನ್ನು ನಿನ್ ಜೊತೆ ಎಲ್ಲಿಗೂ ಬರಲ್ಲ." ಬರಲೂ ಇಲ್ಲ.

ಹೀಗಾಗಿ ನನಗೆ ಗುಹೆಯ ಹಾಗೆ ಮೊಳಗುವ ಜಾಗ ಬೇಕಾಗಿತ್ತು. ಹೋಟೆಲಿನ ಟ್ಯಾಂಕಿ ಹಾಗಿತ್ತು. ಅಡುಗೆಮನೆಯ ಹಿಂದೆ, ಹಿತ್ತಲಿನ ನೆಲದಡಿ, ನಾಲ್ಕೂ ಕಡೆ ಕಾಂಕ್ರೀಟ್. ಮೇಲಿನ ಕಬ್ಬಿಣದ ಮುಚ್ಚಳ ಎತ್ತಿ ಒಂದು ಚಮಚ ಬಡಿದರೂ ಸದ್ದು ಸುತ್ತಿ ಸುತ್ತಿ ಬರುತ್ತಿತ್ತು.

ಅದನ್ನು ವರ್ಷಕ್ಕೆ ಎರಡು ಸಲ ಒಬ್ಬ ಮನುಷ್ಯ ಇಳಿದು ತೊಳೆಯುತ್ತಿದ್ದ. ನಡುವಯಸ್ಸಿನವನು, ಸೊಂಟಕ್ಕೊಂದು ಹಗ್ಗ, ಕೈಯಲ್ಲಿ ಬಕೆಟ್. ಊಟ ಮುಗಿದು ಸಂಜೆಯ ಟಿಫಿನ್ ಶುರುವಾಗುವ ಮುಂಚೆ, ಮೂರು ಗಂಟೆಗೆ, ಹಿಂಬಾಗಿಲಿನಿಂದ ಬರುತ್ತಿದ್ದ. ಮನುಷ್ಯರನ್ನು ಇಳಿಸಬಾರದೆಂದು ಕಾನೂನಿದೆ. ಚಿಕ್ಕಯ್ಯನಿಗೂ ಗೊತ್ತು, ಹಿಂಬಾಗಿಲು ಅದಕ್ಕೇ. ಅವನ ಜಾತಿಯನ್ನು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಕೇಳದೆಯೇ ಅವನೊಬ್ಬನಿಗೆ ಕಾಫಿ ಕಾಗದದ ಲೋಟದಲ್ಲಿ ಹೋಗುತ್ತಿತ್ತು. 'ಅದ್ ಪಾರ್ಸೆಲ್ ಕಪ್' ಎನ್ನುತ್ತಿದ್ದರು ಚಿಕ್ಕಯ್ಯ.

ಹೀರುವ ಲಾರಿ ಕರೆಸಬಹುದಿತ್ತು. ಆದರೆ ಹಿಂದಿನ ಸಂದಿಯಲ್ಲಿ ಸೈಕಲ್ ತಿರುಗುವುದೇ ಕಷ್ಟ. ಲಾರಿ ಮುಂದಿನ ರಸ್ತೆಯಲ್ಲಿ ನಿಂತು, ಅದರ ಕೊಳವೆ ಊಟದ ಹಾಲಿನ ನಡುವೆ ಹಾದು ಬರಬೇಕು.

"ಎಲೆ ಹಾಕುವಲ್ ಆ ಪೈಪ್ ಎಳುದಾ? ಶ್ರೀಕೃಷ್ಣನ ಪಟದ ಎದ್ರಿಗ್?" ಎಂದು ಚಿಕ್ಕಯ್ಯ ಕೇಳಿದ್ದರು, ನಾನು ಲಾರಿಯ ಮಾತೆತ್ತಿದಾಗ. ಗ್ಯಾಸ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಯದ್ದು, ಮನುಷ್ಯ ಸಾಯುತ್ತಾನೆ ಎಂದೆ. ಅವರು ನಕ್ಕರು. "ಮೊಟ್ಟಿ ವಾಸ್ನಿ ಎಲ್ಲಿಂದ ಬಪ್ಪುದ್ ಹೆಣೆ? ನಮ್ದ್ ಪ್ಯೂರ್ ವೆಜ್ ಅಲ್ದಾ! ಅದ್ರೊಳ್ಗ್ ಇಪ್ಪುದ್ ಎಂತ? ಅಕ್ಕಿ ತೊಳ್ದ್ ನೀರ್, ಸಾಂಬಾರ್, ದ್ವಾಸಿ ಹಿಟ್ಟ್. ದನುಕ್ ಹಾಕ್ರೆ ತಿಂತ್."

ಇದು ಬರಿಯ ತಮಾಷೆಯಾಗಿರಲಿಲ್ಲ. ನಮ್ಮವರೆಲ್ಲ ಹೀಗೇ ನಂಬಿದ್ದರು. ಮಾಂಸದ ಹೋಟೆಲಿನ ಟ್ಯಾಂಕಿ ಕೊಲ್ಲಬಹುದು, ನಮ್ಮದು ಹೇಗೆ ಕೊಲ್ಲುತ್ತದೆ? ಹುಳಿಬಂದ ಹಿಟ್ಟೂ ಬೇಳೆಯೂ ತಿಂಗಳುಗಟ್ಟಲೆ ಕತ್ತಲಲ್ಲಿ ಕೊಳೆತರೆ ಏನಾಗುತ್ತದೆಂದು ದಿನಾ ಹಿಟ್ಟು ಹುಳಿಬರಿಸುವವರೇ ಯೋಚಿಸಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ರೆಕಾರ್ಡರ್ ಹಿಡಿದು ಟ್ಯಾಂಕಿಯ ಬಾಯಿಯ ಹತ್ತಿರ ಕುಳಿತೆ. ಮೀಟರ್ ಚೀಲದಲ್ಲಿತ್ತು.

ಆಮೇಲೆ ಆದದ್ದು ನನ್ನ ನೆನಪಿನಲ್ಲಿ ಹೀಗಿದೆ: ಅವನು ಇಳಿದ. ಮೀಟರ್ ಕಿರುಚಿತು. ನಾನು ಕೂಗಿದೆ. ಎಲ್ಲರೂ ಸೇರಿ ಹಗ್ಗ ಎಳೆದೆವು, ನಾನೂ ಎಳೆದೆ. ಅಂಗೈ ಉರಿದದ್ದು ಕೂಡ ನೆನಪಿದೆ.

ಈ ನೆನಪನ್ನು ನಾನು ನಂಬುವುದಿಲ್ಲ, ಏಕೆಂದರೆ ನನ್ನ ಹತ್ತಿರ ರೆಕಾರ್ಡಿಂಗ್ ಇದೆ. ಅದರಲ್ಲಿ ಮೊದಲು ಅವನು ಏಣಿ ಇಳಿಯುವ ಸದ್ದು. ಮೇಲಿನಿಂದ ಅವನಿಗೆ ನನ್ನ ಪ್ರಶ್ನೆ, ಕೆಳಗಿನಿಂದ ಅವನ ಉತ್ತರ: "ಒಣ್ಣುಂ ಆಗಾದುಕ್ಕಾ." ಏನೂ ಆಗುವುದಿಲ್ಲ ಅಕ್ಕಾ. ಬಕೆಟ್ ಗೋಡೆಗೆ ತಾಗುತ್ತದೆ, ಟ್ಯಾಂಕಿ ಮೊಳಗುತ್ತದೆ, ನಾನು ಬಯಸಿದ ಹಾಗೆಯೇ. ನಾಲ್ಕನೇ ನಿಮಿಷದಲ್ಲಿ ಚೀಲದೊಳಗಿಂದ ಬೀಪ್ ಬೀಪ್ ಬೀಪ್. ಜಿಪ್ ಎಳೆಯುವ ಸದ್ದು. ಟಕ್ ಎಂದು ಗುಂಡಿ ಒತ್ತುವ ಸದ್ದು. ಮತ್ತೆ ಬೀಪ್ ಇಲ್ಲ. ಕೆಳಗೆ ಅವನು ಕೆಮ್ಮುತ್ತಾನೆ. ಪಕ್ಕದಲ್ಲಿ ನಿಂತಿದ್ದ ಹೋಟೆಲಿನವರು ಏನೋ ಗೊಣಗುತ್ತಾರೆ. ಆಗ ಮೈಕಿಗೆ ತೀರಾ ಹತ್ತಿರದಿಂದ ಒಂದು ಧ್ವನಿ: "ಶ್! ಒಂದ್ ನಿಮಿಷ ಮಾತಾಡ್ಬೇಡಿ." ಅದು ನಾನು.

ಕೆಮ್ಮು. ಮತ್ತೆ ಕೆಮ್ಮು. ಬಕೆಟ್ ಬಿದ್ದ ಸದ್ದು. ಆಮೇಲೆ ಬಹಳ ಸುಂದರವಾದ ಮೌನ. ಅದನ್ನು ಮುರಿದವರು ದೋಸೆ ಹಾಕುವವರು: "ಹಗ್ಗ ಸಡ್ಲ ಆಯ್ತ್! ಎಳಿ! ಎಳಿನಿ ಮಾರಾಯ್ರೆ!" ಅವರೆಲ್ಲ ಎಳೆಯುವಷ್ಟು ಹೊತ್ತೂ ಮೈಕಿನ ಪಕ್ಕದಲ್ಲಿ ನನ್ನ ಉಸಿರು ಒಂದೇ ದೂರದಲ್ಲಿ ಕೇಳಿಸುತ್ತದೆ. ನಾನು ಕದಲಿರಲಿಲ್ಲ. ಅಂಗೈ ಉರಿದದ್ದು ಎಲ್ಲಿಂದ ಬಂತೋ.

ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಎರಡು ದಿನ ಆಕ್ಸಿಜನ್ ಮೇಲಿದ್ದು ಬದುಕಿದ. ಕೆಮ್ಮು ಮಾತ್ರ ಉಳಿಯಿತು. ನಾನು ಅದನ್ನು ಬೇಸಿಗೆಯಿಡೀ ನಿಧಾನ ಮಾಡಿ ಸಂಗೀತ ಮಾಡಿದೆ. ಬೀಪನ್ನೂ 'ಶ್'ಅನ್ನೂ ತೆಗೆದೆ. ನನ್ನ ಕಸುಬೇ ಅದಲ್ಲವೇ.

ಅಷ್ಟರಲ್ಲಿ ಚಿಕ್ಕಯ್ಯನ ಬಾಯಲ್ಲಿ ಕಥೆ ಬೇರೆಯೇ ಆಗಿತ್ತು. ಬೀಪ್ ಮೂರು ಸಲ ಆದದ್ದು ಎಲ್ಲರೂ ಕೇಳಿದ್ದರು. ನಿಂತದ್ದು ಯಾಕೆಂದು ಯಾರೂ ಕೇಳಿರಲಿಲ್ಲ. "ನಮ್ ಹೆಣ್ಣಿನ ಮಿಷನ್ ಕೂಗಿದ್ದಕ್ಕೆ ಅವ ಬದ್ಕಂಡ" ಎಂದು ಮದುವೆಮನೆಗಳಲ್ಲಿ ಹೇಳುತ್ತಿದ್ದರು. ನಾನು ಪಾಯಸ ತಿನ್ನುತ್ತಾ ಸುಮ್ಮನಿರುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ಅವರ ಫೋನ್ ಬಂತು. "ಮಂಗ್ಳವಾರ ಮೂರ್ ಗಂಟಿಗ್ ಬಾ ಹೆಣೆ. ಮಿಷನ್ ತಕಂಡ್ ಬಾ. ಅವ ಮೊದ್ಲ್ ಆತಿಲ್ಲ ಅಂದಿದ್ದ. ಅಕ್ಕ ಮಿಷನ್ ಹಿಡ್ಕಂಡ್ ಕೂಕಂತ್ ಅಂದೆ, ಒಪ್ಕಂಡ."

ಆಗಬಹುದಾಗಿದ್ದದ್ದು ಏನೆಂದು ಆ ಕ್ಷಣ ಅರ್ಥವಾಯಿತು. ಅವನು ಹೆದರಿ ಈ ಟ್ಯಾಂಕಿಯ ಕೆಲಸ ಬಿಟ್ಟಿದ್ದ. ನನ್ನ ಸುಳ್ಳನ್ನು ನಂಬಿ ಮತ್ತೆ ಇಳಿಯಲು ಹೊರಟಿದ್ದ.

ನನ್ನ ಮನೆಯಿರುವ ತಾಂಬರದಿಂದ ಎಗ್ಮೋರ್ ತನಕ ಎಲೆಕ್ಟ್ರಿಕ್ ಟ್ರೇನಿನಲ್ಲಿ ನಿಂತೇ ಬಂದೆ, ಸೀಟು ಖಾಲಿಯಿದ್ದರೂ. ಹಿತ್ತಲಿನಲ್ಲಿ ಮುಚ್ಚಳ ತೆಗೆದಾಗಿತ್ತು. ಅವನು ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದ. ನಾನು ಮೀಟರನ್ನು ದಾರಕ್ಕೆ ಕಟ್ಟಿ ಒಂದು ಮೊಳ ಇಳಿಸಿದೆ. ಕಿರುಚಿತು. ಚಿಕ್ಕಯ್ಯ ಸಮಾಧಾನದಿಂದ ತಲೆಯಾಡಿಸಿದರು.

"ಸರಿ ಇತ್ತ್. ಕೆಲ್ಸ ಮಾಡ್ತಿತ್ತ್."

"ಇದು ಇಳಿಯಬೇಡ ಅಂತ ಕಿರುಚ್ತಾ ಇರೋದು!"

"ಹೋದ್ ಸರ್ತಿಯೂ ಕೂಗಿತ್ತಲ್ದಾ? ಎಂತ ಆಯ್ತ್? ಬದ್ಕಂಡ."

ಅವನೂ ನಕ್ಕ. ಅವನು ಆಡಿದ್ದು ತಮಿಳು. ಕನ್ನಡದಲ್ಲಿ ಬರೆಯುವಾಗ ಅವನ ದನಿ ಹೋಗುತ್ತದೆ, ಆದರೂ ಬರೆಯುತ್ತೇನೆ. "ಕೂಗಿದ್ರೆ ನೀವೆಲ್ಲ ಎಳೀತೀರಲ್ಲಕ್ಕಾ, ಆವತ್ತಿನ ಹಾಗೆ. ಬೇಗ ಎಳೀರಿ ಸಾಕು."

ಕಿರುಚಾಟ ಅವರಿಗೆ ಕೆಲಸದ ಒಂದು ಹಂತವಾಗಿಬಿಟ್ಟಿತ್ತು. ನಾನು ಫೋನ್ ತೆಗೆದು, ಕತ್ತರಿಸದ ರೆಕಾರ್ಡಿಂಗನ್ನು ಜೋರಾಗಿ ಹಾಕಿದೆ. ಏಣಿ. ಬಕೆಟ್. 'ಒಣ್ಣುಂ ಆಗಾದುಕ್ಕಾ' ಎಂಬುದನ್ನು ಕೇಳಿ ಅವನು, "ಅಯ್ಯೋ, ನನ್ನ ವಾಯ್ಸು!" ಎಂದು ದೋಸೆ ಹಾಕುವವರ ಕಡೆ ತಿರುಗಿ ಹಲ್ಲು ಬಿಟ್ಟ. ಬೀಪ್ ಬಂತು. ಟಕ್ ಬಂತು. 'ಶ್! ಒಂದ್ ನಿಮಿಷ ಮಾತಾಡ್ಬೇಡಿ' ಬಂತು. ಕೆಮ್ಮು ಶುರುವಾದಾಗ ಅವನ ಕೈ ತನ್ನ ಎದೆಗೆ ಹೋಯಿತು.

ಹಗ್ಗ ಎಳೆಯುವ ತನಕ ಕೇಳಿದ.

"ಆ ಟಕ್ ಅಂದದ್ದು ಏನು?" ಎಂದು ಕೇಳಿದ.

"ಮಿಷನ್ ಬಾಯಿ ಮುಚ್ಚಿಸಿದ್ದು. ನಾನೇ."

"ಯಾಕೆ?"

ರೆಕಾರ್ಡಿಂಗ್ ಕೆಡುತ್ತದೆಂದು, ಎಂದೆ. ತಮಿಳಿನಲ್ಲಿ ಅದು ಇನ್ನೂ ಅಸಹ್ಯವಾಗಿ ಕೇಳಿಸಿತು. ಚಿಕ್ಕಯ್ಯ ಏನೋ ಹೇಳಹೊರಟರು. ಅವನು ಅವರ ಕಡೆ ನೋಡದೆ ಸೊಂಟದ ಹಗ್ಗ ಬಿಚ್ಚಿದ.

"ಲಾರಿ ಕೂಪ್ಪಿಡುಂಗ ಸಾರ್" ಎಂದ ಅವರಿಗೆ. ಲಾರಿ ಕರೀರಿ.

ಚಿಕ್ಕಯ್ಯ ನನ್ನನ್ನು ನೋಡಿದ ನೋಟವನ್ನು ಬಣ್ಣಿಸುವುದಿಲ್ಲ. "ಮನಿ ಮಾನ ತೆಗುಕೇ ಹುಟ್ಟಿದ್ಯಾ?" ಎಂದರು. ನಾನೂ ಕೂಗಿದೆ, ಯಾವ ಮಾನ, ಪಾರ್ಸೆಲ್ ಕಪ್ಪಿನ ಮಾನವಾ ಎಂದು. ದೋಸೆ ಹಾಕುವವರು ಒಳಗೆ ಹೋಗಿ ಗ್ಯಾಸ್ ಒಲೆ ಆರಿಸಿದರು. ಅವರು ಆರಿಸಿದ ಮೇಲೆ ಇನ್ಯಾರೂ ಹಚ್ಚಲಿಲ್ಲ. ಲಾರಿ ಬರದೆ ಟಿಫಿನ್ ಇಲ್ಲವೆಂದು ಅರ್ಥವಾಗಿ ಚಿಕ್ಕಯ್ಯ ಫೋನ್ ತೆಗೆದರು.

ಲಾರಿ ಬರುವ ತನಕ ಅವನು ನನ್ನ ಮೀಟರನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತ. ಇಟ್ಟುಕೋ ಎಂದೆ. ಬೇರೆ ಟ್ಯಾಂಕಿಗಳಿಗೆ ಕರೆದರೆ ಹೋಗಬೇಡ ಎಂದೂ ಹೇಳಿದೆ.

"ನೀ ಸುಲಭವಾಗಿ ಹೇಳಿಬಿಟ್ಟೆ, ಹೊಟ್ಟೆಗೆ?" ಎಂದ. ಆಮೇಲೆ, "ಆ ಗುಂಡಿ ಯಾವುದು?"

ತೋರಿಸಿದೆ. ತನ್ನ ಚೀಲದಿಂದ ಪೈಪಿನ ತೂತು ಮುಚ್ಚುವ ಮೇಣದಂಥ ಅಂಟನ್ನು ಚಿವುಟಿ, ಎರಡು ಬೆರಳಲ್ಲಿ ನಾದಿ, ಆ ಗುಂಡಿಯ ಮೇಲೆ ಹೆಬ್ಬೆರಳಿನಿಂದ ಒತ್ತಿದ. ಕಲ್ಲಾಗುವ ತನಕ ಊದುತ್ತಾ ಕುಳಿತ. ಉಗುರಿನಿಂದ ಕೆರೆದು ನೋಡಿ, ಮೀಟರನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಐದು ಗಂಟೆಗೆ ಕೊಳವೆ ಮುಂದಿನ ಬಾಗಿಲಿನಿಂದ ಬಂತು. ಕ್ಯಾಷ್ ಕೌಂಟರ್, ಶ್ರೀಕೃಷ್ಣನ ಪಟ, ಎರಡು ಸಾಲು ಮೇಜು, ಎಲ್ಲದರ ನಡುವೆ ಹಾದು ಹಿತ್ತಲಿಗೆ ಹೋಯಿತು. ಟಿಫಿನ್ನಿಗೆ ಬಂದವರು ಮೂಗು ಮುಚ್ಚಿ ಬಾಗಿಲಲ್ಲೇ ತಿರುಗಿದರು. ಒಬ್ಬರು ಒಳಗೆ ಇಣುಕಿ, "ಏನ್ರೀ ಇದು, ಕೊಳೆತ ಮೊಟ್ಟೆ ವಾಸನೆ?" ಎಂದು ಕೇಳಿದರು. 

ಪಂಪು ಶುರುವಾದಾಗ ಕೊಳವೆ ನೆಲದ ಮೇಲೆ ಬಡಿದುಕೊಳ್ಳತೊಡಗಿತು. ತೀರಾ ಮಂದ್ರದ ಮಿಡಿತ. ಟೈಲ್ಸ್‌ಗಳು ಅದನ್ನು ಹಿಡಿದು ಇಡೀ ಹಾಲಿಗೆ ಹಂಚುತ್ತಿದ್ದವು. ಯಾವ ಸಿಂಥಿನಿಂದಲೂ ನಾನು ಆ ಸ್ವರ ಹೊರಡಿಸಿರಲಿಲ್ಲ. ನನ್ನ ಕೈ ಆಗಲೇ ಚೀಲದೊಳಗೆ ರೆಕಾರ್ಡರ್ ಹುಡುಕುತ್ತಿತ್ತು. ಅವನು ಎದುರಿನ ಗೋಡೆಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದ.

"ಆನ್ ಮಾಡಕ್ಕಾ" ಎಂದ. "ಇದರೊಳಗೆ ಯಾರೂ ಇಲ್ಲ."

ನಾನು ಆನ್ ಮಾಡಲಿಲ್ಲ. ಅದನ್ನು ನನ್ನ ಒಳ್ಳೆಯತನವೆಂದು ಯಾರೂ ತಿಳಿಯಬೇಡಿ. ಬ್ಯಾಟರಿ ಮುಗಿದಿತ್ತು.